ಹೊಸ ಬೋರು, ಹೊಸ ಪಿಸ್ಟನ್, ಆದ್ರೂ ನೀಲಿ ಹೊಗೆ ಯಾಕೆ?

ಗಾಡಿ ಕಟ್ಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿದು ತಾಡಪಾಲು ತೆಗೆದ ಮೇಲೆ ಮುಂಬೈ, ಪುಣೆ, ಗೋವಾ ಕಡೆಯ ನಮ್ಮವರಿಂದ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಬಂದದ್ದರಲ್ಲಿ ಹೊಗೆಯದ್ದೇ ಜಾಸ್ತಿ. ಅದಕ್ಕೇ ಬ್ರೇಕು, ವೈರಿಂಗು, ಆರ್‌ಟಿಒ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಪ್ಪ ಧಾರವಾಡದಲ್ಲಿ ಓಡಿಸುತ್ತಿದ್ದ 1971ರ ಬುಲೆಟ್ 350 ಈಗ ನನ್ನ ಹತ್ತಿರ ಇದೆ. ಪೂರ್ತಿ ಎಂಜಿನ್ ಬಿಚ್ಚಿಸಿ, 40 ಥೌ (ಒಂದು ಥೌ ಅಂದರೆ ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು) ಓವರ್‌ಸೈಜ್ ಬೋರ್ ಮಾಡಿಸಿ, ಪಿಸ್ಟನ್, ರಿಂಗು, ವಾಲ್ವು, ಗೈಡು (ವಾಲ್ವಿನ ಕಾಂಡ ಜಾರುವ ಕೊಳವೆ) ಎಲ್ಲ ಹೊಸದು ಹಾಕಿಸಿದೆ. 600 ಕಿಲೋಮೀಟರ್ ಓಡಿದೆ, 400 ಮಿ.ಲೀ. ಎಣ್ಣೆ ಮಾಯ. ಸಿಗ್ನಲ್‌ನಲ್ಲಿ ಹಿಂದಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಕಂಪ್ರೆಶನ್ ಮಾತ್ರ ಭರ್ಜರಿ, ಕಿಕ್ ಮೇಲೆ ನಿಂತರೂ ಇಳಿಯಲ್ಲ. ಮೆಕ್ಯಾನಿಕ್ "ರಿಂಗ್ ಇನ್ನೂ ಕೂತಿಲ್ಲ, ಇನ್ನೊಂದು ಸಾವಿರ ಓಡಿಸಿ" ಅಂತಾರೆ. ಕಾಯಬೇಕಾ, ಬಿಚ್ಚಬೇಕಾ? (ಡೊಂಬಿವಲಿಯ ಓದುಗರು)

ಉತ್ತರ: ಎರಡೂ ಬೇಡ, ಮೊದಲು ಪರೀಕ್ಷೆ ಮಾಡಿ. ನಿಮ್ಮ ಲೆಕ್ಕದಲ್ಲಿ ಸಾವಿರ ಕಿಲೋಮೀಟರ್‌ಗೆ ಸುಮಾರು 670 ಮಿ.ಲೀ. ಹೋಗುತ್ತಿದೆ. ಆ ಎಂಜಿನ್ ಹಿಡಿಯುವುದೇ ಸುಮಾರು ಎರಡೂಕಾಲು ಲೀಟರ್. ಹಳೆ ಕಾಸ್ಟ್ ಐರನ್ ಬುಲೆಟ್ ಸಾವಿರಕ್ಕೆ ನೂರು, ನೂರೈವತ್ತು ಮಿ.ಲೀ. ಕುಡಿದರೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ. ಇದು ಅದಲ್ಲ.

ಆದರೆ ಅಷ್ಟೂ ಎಣ್ಣೆ ಸುಟ್ಟೇ ಹೋಗಿದೆ ಅಂತ ಯಾರು ಹೇಳಿದ್ದು? ಪ್ರೈಮರಿ ಚೈನ್‌ಕೇಸ್‌ನ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನಿನ ಡಬ್ಬಿ) ಲೆವೆಲ್ ಸ್ಕ್ರೂ ಬಿಚ್ಚಿ. ಹಾಕಿದ್ದಕ್ಕಿಂತ ಜಾಸ್ತಿ ಎಣ್ಣೆ ಹೊರಗೆ ಸುರಿದರೆ ಎಂಜಿನ್ ಎಣ್ಣೆ ಕ್ರ್ಯಾಂಕ್ ಸೀಲ್ ದಾಟಿ ಆ ಕಡೆ ಹೋಗುತ್ತಿದೆ ಅಂತ ಅರ್ಥ. ಬ್ರೀದರ್ ಪೈಪಿನ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು) ತುದಿಗೆ ಒಂದು ಖಾಲಿ ಬಾಟಲಿ ಕಟ್ಟಿ ನೂರು ಕಿಲೋಮೀಟರ್ ಓಡಿಸಿ, ಎಷ್ಟು ತುಂಬುತ್ತೆ ನೋಡಿ. ಇವೆರಡನ್ನೂ ಕಳೆದು ಉಳಿದದ್ದು ಮಾತ್ರ ಸುಟ್ಟ ಎಣ್ಣೆ.

ಈಗ ಹೊಗೆಗೆ ಬನ್ನಿ. ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಬೇಕಾದ ಒಂದೇ ಮಾತು ಇಲ್ಲ: ಹೊಗೆ ಯಾವಾಗ ಬರುತ್ತೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಎರಡು ನಿಮಿಷಕ್ಕೆ ನಿಂತು ಹೋಗುತ್ತಾ, ಎಕ್ಸಲರೇಟರ್ ಕೊಟ್ಟಾಗ ಬರುತ್ತಾ, ಬಿಟ್ಟಾಗ ಬರುತ್ತಾ, ಅಥವಾ ಹೊತ್ತುಗೊತ್ತಿಲ್ಲದೆ ಬರುತ್ತಲೇ ಇರುತ್ತಾ? ಎಂಜಿನ್ ಬಿಚ್ಚುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು. ಬಿಚ್ಚಿ ಮೇಜಿನ ಮೇಲೆ ಹರಡಿದ ಮೇಲೆ ಯಾವ ಭಾಗವೂ ಹೊಗೆ ಬಿಟ್ಟು ತೋರಿಸಲ್ಲ.

ಒಂದು ಭಾನುವಾರ ಬೆಳಿಗ್ಗೆ ಬೇಗ ಹೊರಟು ಹಳೆ ಮುಂಬೈ-ಪುಣೆ ರಸ್ತೆ ಹಿಡಿಯಿರಿ. ಎಕ್ಸ್‌ಪ್ರೆಸ್‌ವೇಗೆ ಹೇಗೂ ಬೈಕ್ ಬಿಡಲ್ಲ. ಹಿಂದೆ ಇನ್ನೊಂದು ಬೈಕ್‌ನಲ್ಲಿ ಗೆಳೆಯರೊಬ್ಬರು ಇರಲಿ, ಅವರ ಕೆಲಸ ನಿಮ್ಮ ಸೈಲೆನ್ಸರ್ ನೋಡುವುದಷ್ಟೇ. ಖೋಪೋಲಿಯಿಂದ ಖಂಡಾಲಾಗೆ ಏರುವಾಗ ಥ್ರಾಟಲ್ ಎಳೆದಾಗೆಲ್ಲ ನೀಲಿ ಹೊಗೆ ಕಂಡರೆ ಅನುಮಾನ ರಿಂಗು ಮತ್ತು ಬೋರಿನ ಮೇಲೆ. ವಾಪಸ್ ಇಳಿಯುವಾಗ ಗೇರಿನಲ್ಲೇ ಬಿಟ್ಟು ಥ್ರಾಟಲ್ ಪೂರ್ತಿ ಮುಚ್ಚಿ ಇಳಿಯಿರಿ. ಕೆಳಗೆ ಬಂದು ಮತ್ತೆ ಥ್ರಾಟಲ್ ಕೊಟ್ಟ ತಕ್ಷಣ ಬುಸ್ ಅಂತ ಒಂದು ದೊಡ್ಡ ಮೋಡ ಎದ್ದು ಆಮೇಲೆ ತಿಳಿಯಾದರೆ, ಅದು ಇನ್‌ಲೆಟ್ ವಾಲ್ವ್ ಗೈಡಿನ ಕೆಲಸ. ಕಾರಣ ಸರಳ. ಥ್ರಾಟಲ್ ಮುಚ್ಚಿ ಎಂಜಿನ್ ತಿರುಗುತ್ತಿದ್ದಾಗ ಇನ್‌ಲೆಟ್ ಪೋರ್ಟ್‌ನಲ್ಲಿ ನಿರ್ವಾತ ಜೋರಾಗುತ್ತೆ, ರಾಕರ್ ಕಡೆಯ ಎಣ್ಣೆಯನ್ನು ಗೈಡಿನ ಸಂದಿಯಿಂದ ಎಳೆದುಕೊಳ್ಳುತ್ತೆ. ನಿಮ್ಮ ಕಾಲದ ಬುಲೆಟ್‌ನಲ್ಲಿ ವಾಲ್ವ್ ಕಾಂಡಕ್ಕೆ ರಬ್ಬರ್ ಸೀಲೇ ಇರಲಿಲ್ಲ, ಗೈಡಿನ ಬಿಗಿಯ ಮೇಲೇ ಎಲ್ಲ ನಿಂತಿತ್ತು.

ಮನೆಗೆ ಬಂದು ಎಂಜಿನ್ ಆರಿದ ಮೇಲೆ ಕಾರ್ಬ್ಯುರೇಟರ್ ಇಳಿಸಿ. ಹತ್ತು ನಿಮಿಷದ ಕೆಲಸ. ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿದರೆ ವಾಲ್ವಿನ ಕಾಂಡ ಕಾಣುತ್ತೆ. ಸರಿಯಿರುವ ಎಂಜಿನ್‌ನಲ್ಲಿ ಅದು ಒಣಗಿರುತ್ತೆ, ಪೆಟ್ರೋಲಿನ ಬಣ್ಣ ಹಿಡಿದಿರುತ್ತೆ ಅಷ್ಟೆ. ಗೈಡ್ ಸೋರುತ್ತಿದ್ದರೆ ಕಾಂಡ ಒದ್ದೆಯಾಗಿ ಮಿರಮಿರ ಮಿಂಚುತ್ತೆ, ವಾಲ್ವಿನ ತಲೆಯ ಹಿಂಬದಿಯಲ್ಲಿ ಕಪ್ಪು ಗಟ್ಟಿ ಕಟ್ಟಿರುತ್ತೆ, ಬೆರಳು ಹಾಕಿದರೆ ಜಿಗುಟು ಅಂಟುತ್ತೆ.

"ಗೈಡ್ ಹೊಸದು ಹಾಕಿಸಿದ್ದೀನಲ್ಲ" ಅಂತೀರಿ. ಹೊಸದು ಅಂದ್ರೆ ಸರಿಯಿದೆ ಅಂತ ಅರ್ಥ ಅಲ್ಲ. ರೀಮರ್ (ತೂತು ಹಿಗ್ಗಿಸುವ ಉಪಕರಣ) ಎರಡು ಸಲ ಜಾಸ್ತಿ ತಿರುಗಿಸಿದರೆ ಹೊಸ ಗೈಡೂ ಹಳೆ ಗೈಡಿನಷ್ಟೇ ಸಡಿಲ. ಇನ್‌ಲೆಟ್‌ನಲ್ಲಿ ಕಾಂಡಕ್ಕೂ ಗೈಡಿಗೂ ನಡುವೆ ಎರಡು-ಮೂರು ಥೌ ಸಂದಿ ಇದ್ದರೆ ಸಾಕು, ಜಾಸ್ತಿ ಬೇಡ. ಇನ್ನೊಂದು ತಪ್ಪು ಇದಕ್ಕಿಂತ ಕಳ್ಳತನದ್ದು. ಹೆಡ್ ಅಲ್ಯುಮಿನಿಯಂನದು. ಅದನ್ನು ಬಿಸಿ ಮಾಡದೆ ಹಳೆ ಗೈಡನ್ನು ಸುತ್ತಿಗೆಯಲ್ಲಿ ಬಡಿದು ತೆಗೆದರೆ, ಗೈಡ್ ಕೂರುವ ತೂತೇ ಕೆರೆದು ಅಗಲವಾಗುತ್ತೆ. ಆಮೇಲೆ ಎಣ್ಣೆ ಗೈಡಿನ ಒಳಗಿಂದ ಅಲ್ಲ, ಹೊರಗಿಂದ ಇಳಿಯುತ್ತೆ. ವಾಲ್ವ್ ಅಲ್ಲಾಡಿಸಿ ನೋಡಿದರೆ ಬಿಗಿಯಾಗೇ ಇರುತ್ತೆ, ಹೊಗೆ ಮಾತ್ರ ನಿಲ್ಲಲ್ಲ. ಅದಕ್ಕೆ ಮದ್ದು ಹೊರವ್ಯಾಸ ದೊಡ್ಡದಿರುವ ಗೈಡ್ ಮಾಡಿಸಿ, ಹೆಡ್ ಕಾಯಿಸಿ ಕೂರಿಸುವುದು.

ಇನ್ನು ಕಂಪ್ರೆಶನ್ ವಿಷಯ. ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಕಂಪ್ರೆಶನ್ ಹಿಡಿಯುವುದು ಮೇಲಿನ ಎರಡು ರಿಂಗು. ಗೋಡೆಯ ಎಣ್ಣೆ ಒರೆಸುವುದು ಕೆಳಗಿನ ಆಯಿಲ್ ರಿಂಗು. ಅದು ಕೆಟ್ಟು ಕೂತಿದ್ದರೂ ಕಿಕ್ ಗಟ್ಟಿಯಾಗೇ ಇರುತ್ತೆ. ಸಾಲದ್ದಕ್ಕೆ ಮೇಲೆ ಬಂದ ಎಣ್ಣೆಯೇ ರಿಂಗಿನ ಸುತ್ತ ನಿಂತು ಕಂಪ್ರೆಶನ್ ಇನ್ನೂ ಚೆನ್ನಾಗಿ ತೋರಿಸುತ್ತೆ. ಹಾಗಾಗಿ ನೀವು ಕಿಕ್ ಮೇಲೆ ನಿಂತದ್ದರಿಂದ ರಿಂಗುಗಳಿಗೆ ಕ್ಲೀನ್ ಚಿಟ್ ಸಿಗಲಿಲ್ಲ. ಅದೇ ಕಂಪ್ರೆಶನ್ ಕಮ್ಮಿ ಇದ್ದಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿ ಅನ್ನುತ್ತಿದ್ದೆ. ಏರಿದರೆ ರಿಂಗು, ಏರದಿದ್ದರೆ ವಾಲ್ವು. ಬುಲೆಟ್‌ನಲ್ಲಿ ಮೂರನೆಯ ಕಳ್ಳನೂ ಇದ್ದಾನೆ, ಕಿಕ್ ಹಗುರ ಮಾಡಲು ಕಂಪ್ರೆಶನ್ ಬಿಡುವ ಡಿಕಂಪ್ರೆಸರ್ ವಾಲ್ವ್. ಅದು ಸರಿಯಾಗಿ ಮುಚ್ಚದಿದ್ದರೆ ಪಾಪ ರಿಂಗುಗಳು ಬೈಸಿಕೊಳ್ಳುತ್ತವೆ.

ಗೈಡ್ ಒಣಗಿದೆ, ಏರುವಾಗ ಹೊಗೆ ಬಂತು ಅಂತಾದರೆ ಹೆಡ್ ಇಳಿಸಿ. ಇಳಿಸಿದ ತಕ್ಷಣ ಬಟ್ಟೆ ತಗೊಂಡು ಒರೆಸಬೇಡಿ! ಮೊದಲು ಪಿಸ್ಟನ್ ತಲೆ ನೋಡಿ, ಫೋಟೋ ತೆಗೆಯಿರಿ. ಅಂಚಿನ ಸುತ್ತ ಮಸಿಯೇ ಇಲ್ಲದೆ ತೊಳೆದ ಹಾಗೆ ಲೋಹ ಹೊಳೆಯುತ್ತಿದ್ದರೆ ಎಣ್ಣೆ ಕೆಳಗಿಂದ, ರಿಂಗು ದಾಟಿ ಬರುತ್ತಿದೆ. ಅಂಚು ಒಣಗಿದ್ದು, ಇನ್‌ಲೆಟ್ ವಾಲ್ವಿನ ಕೆಳಗಿನ ಭಾಗ ಮಾತ್ರ ಒದ್ದೆಯಾಗಿದ್ದರೆ ಮೇಲಿಂದ ಬರುತ್ತಿದೆ. ಒಂದೇ ಬದಿ ತೊಳೆದಿದ್ದರೆ ಬೋರ್ ವಾಲಿದೆಯಾ ಅಂತ ಅನುಮಾನ ಪಡಿ.

ಆಮೇಲೆ ಬ್ಯಾರಲ್. ಇಲ್ಲಿ ಅಳತೆ ಇಲ್ಲದೆ ಮಾತಾಡುವವರನ್ನು ನಂಬಬೇಡಿ. ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಲಿ. ಹೊಸದಾಗಿ ಬೋರ್ ಮಾಡಿದ್ದರಲ್ಲಿ ಅರ್ಧ ಥೌಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಬೋರ್ ಗುಂಡಗಿಲ್ಲ. ಮೆಷಿನ್ ಶಾಪ್‌ನವರ ಮುಖದ ಮೇಲೇ ಹೇಳಿ. ರಿಂಗನ್ನು ಪಿಸ್ಟನ್ ತಲೆಯಿಂದಲೇ ನೇರವಾಗಿ ಬೋರಿನೊಳಗೆ ತಳ್ಳಿ, ಬಾಯಿಯ ಸಂದಿಯನ್ನು ಫೀಲರ್ ಗೇಜ್‌ನಿಂದ ನೋಡಿ. ಹಳೆಯವರ ಲೆಕ್ಕ ಬೋರಿನ ಒಂದು ಇಂಚಿಗೆ ಮೂರು-ನಾಲ್ಕು ಥೌ. ಬುಲೆಟ್ 350ರ ಮೂಲ ಬೋರ್ 70 ಮಿ.ಮೀ., ಅಂದರೆ ಮುಕ್ಕಾಲು ಕೂಡಿದ ಎರಡು ಇಂಚು. ನಿಮ್ಮ 40 ಥೌ ಸೇರಿಸಿದರೂ ಎಂಟರಿಂದ ಹನ್ನೊಂದು ಥೌ ಆಸುಪಾಸಿನಲ್ಲಿ ಬರಬೇಕು. ಇಪ್ಪತ್ತು ದಾಟಿದ್ದರೆ ಬೇರೆ ಸೈಜಿನ ರಿಂಗ್ ಹಾಕಿದ್ದಾರೆ.

ಎರಡನೇ ರಿಂಗ್ ತಲೆಕೆಳಗಾಗಿದೆಯಾ ನೋಡಿ. ಅದರ ಮೈ ಸ್ವಲ್ಪ ಓರೆ ಇದ್ದರೆ ಒಂದು ಬದಿಯಲ್ಲಿ ಸಣ್ಣಗೆ ಟಾಪ್ ಅಂತ ಗುರುತು ಇರುತ್ತೆ, ಅದು ಆಕಾಶ ನೋಡಬೇಕು. ಕೆಳಗೆ ಮಾಡಿ ಹಾಕಿದರೆ ಎಣ್ಣೆ ಕೆಳಗೆ ಒರೆಸುವ ಬದಲು ಮೇಲಕ್ಕೆ ಬಾಚುತ್ತೆ. ಮೂರು ತುಂಡಿನ ಆಯಿಲ್ ರಿಂಗ್ ಇದ್ದರೆ ನಡುವಿನ ಅಲೆಅಲೆ ಸ್ಪ್ರಿಂಗಿನ ಎರಡು ತುದಿ ಎದುರುಬದುರು ಮುಟ್ಟಬೇಕು, ಒಂದರ ಮೇಲೊಂದು ಏರಬಾರದು. ನನ್ನ ಕೇಳಿದರೆ ನಿಮ್ಮ ಕೇಸಿನಲ್ಲಿ ಮೊದಲ ಅನುಮಾನ ಇದೇ, ಯಾಕೆಂದರೆ ಕಂಪ್ರೆಶನ್ ಗಟ್ಟಿ, ಹೊಗೆ ಧಾರಾಳ. ಆಯಿಲ್ ರಿಂಗ್ ಕೂರುವ ಪಿಸ್ಟನ್ನಿನ ಕಾಲುವೆಯಲ್ಲಿ ಎಣ್ಣೆ ವಾಪಸ್ ಇಳಿಯಲು ತೂತುಗಳಿರುತ್ತವೆ. ಅವು ಪೂರ್ತಿ ಕೊರೆದಿವೆಯಾ ಅಂತ ಒಂದು ತಂತಿ ಹಾಕಿ ನೋಡಿಬಿಡಿ.

ಎಲ್ಲ ಅಳತೆ ಸರಿಯಿದ್ದು, ಬೋರ್ ಗೋಡೆ ಮಾತ್ರ ಕನ್ನಡಿಯಂತೆ ನುಣುಪಾಗಿದ್ದರೆ ಅದು ಗ್ಲೇಜ್ ಆಗಿದೆ. ಕಲ್ಲಿನಿಂದ ಉಜ್ಜುವ ಹೋನಿಂಗ್‌ನ ಅಡ್ಡ-ಓರೆ ಗೀರುಗಳು ಕಾಣಲೇಬೇಕು, ರಿಂಗ್ ಕೂರುವುದು ಅವುಗಳ ಮೇಲೆ ಉಜ್ಜಿಕೊಂಡೇ. ಹೊಸದಾಗಿ ಹೋನ್ ಮಾಡಿಸಿ, ಹೊಸ ರಿಂಗ್ ಹಾಕಿ. ಹೋನ್ ಮಾಡಿದ ಮೇಲೆ ಬ್ಯಾರಲ್ಲನ್ನು ಬಿಸಿನೀರು, ಸೋಪಿನಲ್ಲಿ ಬ್ರಶ್ ಹಾಕಿ ತೊಳೆಯಬೇಕು. ಪೆಟ್ರೋಲಿನಲ್ಲಿ ಜಾಲಾಡಿದರೆ ಕಲ್ಲಿನ ಪುಡಿ ಹೋಗಲ್ಲ. ಒಣಗಿಸಿ, ಎಣ್ಣೆ ಸವರಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಈ ಒಂದು ಬಕೆಟ್ ಸೋಪು ನೀರಿನ ಸೋಮಾರಿತನಕ್ಕೆ ಹೊಸ ರಿಂಗುಗಳು ಬೇಗ ಸವೆದು ಹೋಗುತ್ತವೆ.

ಬ್ರೀದರ್ ಮಾತ್ರ ಎಲ್ಲಕ್ಕಿಂತ ಮೊದಲು ನೋಡಿ, ಖರ್ಚಿಲ್ಲದ ಕೆಲಸ. ಸಿಂಗಲ್ ಸಿಲಿಂಡರ್‌ನಲ್ಲಿ ಪಿಸ್ಟನ್ ಕೆಳಗೆ ಬಂದಾಗಲೆಲ್ಲ 346 ಸಿಸಿಯಷ್ಟು ಗಾಳಿಗೆ ಜಾಗ ಬೇಕು. ಪೈಪಿನ ರಬ್ಬರ್ ವಾಲ್ವ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆಳಗೆ ಒತ್ತಡ ಏರಿ ಎಣ್ಣೆ ಸಿಕ್ಕಸಿಕ್ಕ ಕಡೆ ನುಗ್ಗುತ್ತೆ, ರಿಂಗು ದಾಟಿ ಮೇಲಕ್ಕೂ ಹೋಗುತ್ತೆ.

ಪ್ರಶ್ನೆ: ನನ್ನ ಬುಲೆಟ್ ಹೊಗೆ ಬಿಡುವುದು ವಾರಗಟ್ಟಲೆ ನಿಲ್ಲಿಸಿ ಸ್ಟಾರ್ಟ್ ಮಾಡಿದಾಗ ಮಾತ್ರ. ಜೂನ್‌ನಿಂದ ನಿಲ್ಲಿಸಿದ್ದನ್ನು ದಸರಾಕ್ಕೆ ಪೂಜೆ ಮಾಡಿ ಕಿಕ್ ಹೊಡೆದೆ, ಇಡೀ ಚಾಳೇ ಹೊಗೆ. ಐದು ನಿಮಿಷದಲ್ಲಿ ಸರಿಹೋಯಿತು. ರಿಂಗ್ ಬದಲಿಸಬೇಕಾ? (ಮಾಟುಂಗಾದ ಓದುಗರು)

ಉತ್ತರ: ಬೇಡ. ಇದಕ್ಕೆ ವೆಟ್ ಸಂಪಿಂಗ್ ಅನ್ನುತ್ತಾರೆ. ಬುಲೆಟ್‌ನಲ್ಲಿ ಎಣ್ಣೆಯ ತೊಟ್ಟಿ ಎಂಜಿನ್ ಎರಕದಲ್ಲೇ, ಕ್ರ್ಯಾಂಕಿನ ಹಿಂದೆ ಇದೆ. ತಿಂಗಳುಗಟ್ಟಲೆ ನಿಂತಾಗ ಎಣ್ಣೆ ಸವೆದ ಪಂಪಿನ ಸಂದಿಯಿಂದ ನಿಧಾನಕ್ಕೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತೆ. ಸ್ಟಾರ್ಟ್ ಮಾಡಿದಾಗ ಫ್ಲೈವೀಲ್ ಅದನ್ನೆಲ್ಲ ಕಡೆದು ಮೇಲೆ ಎರಚುತ್ತೆ. ರಿಟರ್ನ್ ಪಂಪ್ ಅದನ್ನು ವಾಪಸ್ ಕಳಿಸಿದ ಮೇಲೆ ಹೊಗೆ ನಿಲ್ಲುತ್ತೆ.

ಮಳೆಗಾಲ ಕಳೆದು ತೆಗೆಯುವಾಗ ಕ್ರ್ಯಾಂಕ್‌ಕೇಸ್‌ನ ಡ್ರೇನ್ ಬೋಲ್ಟ್ ಬಿಚ್ಚಿ. ತೊಟ್ಟಿಯದ್ದಲ್ಲ, ಕ್ರ್ಯಾಂಕ್‌ಕೇಸಿನದು. ಬಂದ ಎಣ್ಣೆಯನ್ನು ಶುಭ್ರವಾದ ಡಬ್ಬಿಯಲ್ಲಿ ಹಿಡಿದು ಅಳೆಯಿರಿ. ಇನ್ನೊಂದು ಎಚ್ಚರ: ಅಂಥ ಹೊತ್ತಲ್ಲಿ ತೊಟ್ಟಿಯ ಮಟ್ಟ ಕಮ್ಮಿ ಕಾಣುತ್ತೆ, ಜನ ಅರ್ಧ ಲೀಟರ್ ಸುರಿದುಬಿಡುತ್ತಾರೆ. ಆಮೇಲೆ ಎಣ್ಣೆ ಜಾಸ್ತಿಯಾಗಿ ಬ್ರೀದರ್‌ನಿಂದ ಉಗುಳುತ್ತೆ. ಮಟ್ಟ ನೋಡುವುದು ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ. ಒಂದೆರಡು ದಿನಕ್ಕೇ ಇಳಿಯುತ್ತಿದ್ದರೆ ಪಂಪ್ ನೋಡಿಸಿ, ನಾಲ್ಕು ತಿಂಗಳಿಗೆ ಇಳಿದರೆ ಸುಮ್ನೆ ಬಿಡಿ.

ಹಾಂ, ಒಂದು ಮಾತು. ನಾಲ್ಕು ತಿಂಗಳು ಕಡಲ ಗಾಳಿಯಲ್ಲಿ ನಿಂತರೆ ರಿಂಗು ಮುಟ್ಟುವ ಜಾಗದಲ್ಲಿ ಕಾಸ್ಟ್ ಐರನ್ ಬೋರಿಗೆ ತುಕ್ಕಿನ ಗೆರೆ ಬೀಳಬಹುದು. ನಿಲ್ಲಿಸುವ ಮೊದಲು ಪ್ಲಗ್ ತೆಗೆದು ಸ್ವಲ್ಪ ಎಣ್ಣೆ ಬಿಟ್ಟು ನಿಧಾನಕ್ಕೆ ಕಿಕ್ ತಿರುಗಿಸಿಡಿ.

ಪ್ರಶ್ನೆ: ಹುಬ್ಬಳ್ಳಿಯಿಂದ ತಂದ 1984ರ ಯೆಜ್ಡಿ ರೋಡ್‌ಕಿಂಗ್. ಕ್ರ್ಯಾಂಕ್ ಕಟ್ಟಿಸಿ, ಬೋರ್ ಮಾಡಿಸಿದ್ದೇನೆ. ಟೂ ಸ್ಟ್ರೋಕ್ ಅಂದ್ರೆ ಹೊಗೆ ಇರೋದೇ, ಆದರೆ ಇದು ಅತಿ. ಪೆಟ್ರೋಲಿಗೆ ಎಣ್ಣೆ ಕಮ್ಮಿ ಮಾಡಿ ನೋಡಿದೆ, ಹೊಗೆ ಕಮ್ಮಿ ಆಗಲಿಲ್ಲ. (ವಾಸ್ಕೋದ ಓದುಗರು)

ಉತ್ತರ: ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದರೂ ಗೋವಾದಲ್ಲಿ ಇನ್ನೂ ಆ ಸದ್ದು ಕೇಳುತ್ತದಲ್ಲ, ಖುಷಿ! ಆದರೆ ದಯವಿಟ್ಟು ಮೊದಲು ಪೆಟ್ರೋಲಿನ ಎಣ್ಣೆ ಹಳೆ ಅಳತೆಗೆ ತನ್ನಿ. ಕಮ್ಮಿ ಮಾಡಿದರೆ ಹೊಸ ಬೋರ್ ಜಾಮ್ ಆಗುತ್ತೆ. ಲೀಟರಿಗೆ 40 ಮಿ.ಲೀ. ಅಂದರೆ ಒಂದಕ್ಕೆ ಇಪ್ಪತ್ತೈದು, ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗಿಸುವ ಅವಧಿ) ಮುಗಿಯುವವರೆಗೆ ಅದಕ್ಕಿಂತ ಕೆಳಗೆ ಇಳಿಯಬೇಡಿ.

ನಿಮ್ಮ ಹೊಗೆ ಪೆಟ್ರೋಲಿನ ಎಣ್ಣೆಯದ್ದಲ್ಲ, ಗೇರ್ ಎಣ್ಣೆಯದ್ದು ಅಂತ ನನ್ನ ಅನುಮಾನ. ಈ ಎಂಜಿನ್‌ನಲ್ಲಿ ಕ್ಲಚ್, ಪ್ರೈಮರಿ ಚೈನ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಎಣ್ಣೆ. ಅದಕ್ಕೂ ಕ್ರ್ಯಾಂಕ್‌ಕೇಸಿಗೂ ನಡುವೆ ಇರುವುದು ಎಡಗಡೆಯ ಒಂದು ಸೀಲ್. ಪಿಸ್ಟನ್ ಮೇಲೆ ಹೋದಾಗಲೆಲ್ಲ ಕ್ರ್ಯಾಂಕ್‌ಕೇಸ್ ಒಳಕ್ಕೆ ಎಳೆಯುತ್ತೆ. ಸೀಲ್ ಹರಿದಿದ್ದರೆ ಗೇರ್ ಎಣ್ಣೆಯನ್ನೂ ಎಳೆಯುತ್ತೆ. ಕ್ರ್ಯಾಂಕ್ ಕೂರಿಸುವಾಗ ಸೀಲಿನ ತುಟಿ ಮಡಚಿಹೋಗುವುದು ಸಾಮಾನ್ಯ, ಶಾಫ್ಟ್ ಸವೆದು ಕಾಲುವೆ ಬಿದ್ದಿದ್ದರೂ ಹೊಸ ಸೀಲ್ ಹಿಡಿಯಲ್ಲ.

ಪರೀಕ್ಷೆ ಸುಲಭ. ಗೇರ್ ಎಣ್ಣೆಯನ್ನು ಅಳತೆ ಮಾಡಿ ತುಂಬಿ, ಪೋಂಡಾವರೆಗೆ ಹೋಗಿ ಬಂದು ಮತ್ತೆ ನೋಡಿ. ಹೊರಗೆ ಒಂದು ಹನಿ ಸೋರದೆ ಮಟ್ಟ ಇಳಿದಿದ್ದರೆ ಎಲ್ಲಿ ಹೋಯಿತು ಅಂತ ಕೇಳಬೇಕಾಗಿಲ್ಲ. ವಾಸನೆಯೂ ಬೇರೆ ಇರುತ್ತೆ. ಬಲಗಡೆ, ಡೈನಮೋ ಕಡೆಯ ಸೀಲ್ ಹೋದರೆ ಕಥೆ ಉಲ್ಟಾ: ಹೊಗೆ ಇರಲ್ಲ, ಬರೀ ಗಾಳಿ ಎಳೆದು ಎಂಜಿನ್ ತನ್ನಷ್ಟಕ್ಕೆ ರೇಸ್ ಆಗುತ್ತೆ, ಬಿಸಿಯಾಗುತ್ತೆ. ಅದು ಇನ್ನೂ ಅಪಾಯ.

ಪ್ರಶ್ನೆ: ಎಂಜಿನ್ ಕಟ್ಟಿಸಿ ಈಗಷ್ಟೇ ಮನೆಗೆ ತಂದೆ. ಎಲ್ಲಕ್ಕಿಂತ ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿ, ಮೂವತ್ತರ ಸ್ಪೀಡಿನಲ್ಲಿ ಮೆತ್ತಗೆ ಓಡಿಸುತ್ತಿದ್ದೇನೆ. ಸರಿ ಅಲ್ವಾ? (ಚಿಂಚವಾಡದ ಓದುಗರು)

ಉತ್ತರ: ಎರಡೂ ತಪ್ಪು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ಪ್ರಿಂಗ್ ಮಾತ್ರ ಅಲ್ಲ, ಉರಿಯುವ ಗ್ಯಾಸಿನ ಒತ್ತಡ ರಿಂಗಿನ ಹಿಂದೆ ಹೋಗಿ ಒತ್ತುತ್ತೆ. ಮೆತ್ತಗೆ ಓಡಿಸಿದರೆ ಆ ಒತ್ತಡವೇ ಇಲ್ಲ, ರಿಂಗು ಜಾರುತ್ತಾ ಗೋಡೆ ನುಣುಪಾಗುತ್ತೆ, ಗ್ಲೇಜ್ ಆಗುತ್ತೆ. ಜಾಸ್ತಿ ಜಾರುವ ಎಣ್ಣೆ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತೆ. ಮಾಮೂಲಿ ಮಿನರಲ್ 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಹಾಕಿ. ಮೊದಲ ನೂರಿನ್ನೂರು ಕಿಲೋಮೀಟರ್‌ಗೇ ಬದಲಿಸಿ, ಲೋಹದ ಪುಡಿ ಹೊರಹೋಗಲಿ.

ಬೆಳಿಗ್ಗೆ ಟ್ರಾಫಿಕ್ ಇಲ್ಲದಾಗ ಕಾತ್ರಜ್ ಘಾಟಿನ ಕಡೆ ಹೋಗಿ. ಎಂಜಿನ್ ಬಿಸಿಯಾದ ಮೇಲೆ ಅರ್ಧ ಥ್ರಾಟಲ್‌ವರೆಗೆ ಎಳೆಯಿರಿ, ಪೂರ್ತಿ ಬಿಡಿ, ಮತ್ತೆ ಎಳೆಯಿರಿ. ಎಳೆದಾಗ ರಿಂಗ್ ಒತ್ತುತ್ತೆ, ಬಿಟ್ಟಾಗ ಎಣ್ಣೆ ಮೇಲೆ ಬಂದು ತಂಪು ಮಾಡುತ್ತೆ. ಎತ್ತರದ ಗೇರಿನಲ್ಲಿ ಗುದ್ದಾಡಿಸಬೇಡಿ, ಒಂದೇ ಸ್ಪೀಡಿನಲ್ಲಿ ಮೈಲುಗಟ್ಟಲೆ ಹೋಗಬೇಡಿ, ಮನೆ ಮುಂದೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಲೇಬೇಡಿ. ಕ್ರೋಮ್ ರಿಂಗ್ ಇದ್ದರೆ ಕೂರಲು ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಪ್ರಶ್ನೆ: ರಾಜ್‌ದೂತ್ 350, ಬಲಗಡೆ ಸೈಲೆನ್ಸರ್ ಮಾತ್ರ ಹೊಗೆ ಬಿಡುತ್ತೆ. ಆಟೋಲ್ಯೂಬ್ ಪಂಪ್ (ಎಂಜಿನ್‌ಗೆ ತಾನೇ ಎಣ್ಣೆ ಕಳಿಸುವ ಪಂಪ್) ಕಿತ್ತು ಬಿಸಾಕಿ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಅಂತಾರೆ ಗೆಳೆಯರು. (ಪುಣೆಯ ಓದುಗರು)

ಉತ್ತರ: ಗೆಳೆಯರ ಮಾತು ಕೇಳಬೇಡಿ. ಪಂಪ್ ಸೆಟ್ಟಿಂಗ್ ತಪ್ಪಿದ್ದರೆ ಎರಡೂ ಕಡೆ ಹೊಗೆ ಬರಬೇಕಿತ್ತು. ಈ ಗಾಡಿಯಲ್ಲಿ ಕ್ಲಚ್ ಇರುವುದು ಬಲಕ್ಕೆ, ಆ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಎಣ್ಣೆ ಬಲ ಸಿಲಿಂಡರಿಗೆ ಹೋಗುತ್ತಿರಬಹುದು. ಮೇಲೆ ವಾಸ್ಕೋದವರಿಗೆ ಹೇಳಿದ ಪರೀಕ್ಷೆಯನ್ನೇ ಮಾಡಿ. ನಿಲ್ಲಿಸಿಟ್ಟ ಮೇಲೆ ಮಾತ್ರ ಹೊಗೆ ಬರುತ್ತೆ ಅಂದರೆ ಬಲಗಡೆಯ ಎಣ್ಣೆ ಪೈಪಿನ ಚೆಕ್ ವಾಲ್ವ್ ಸೋರುತ್ತಿದೆ, ಅದನ್ನು ಕ್ಲೀನ್ ಮಾಡಿದರೆ ಮುಗಿಯಿತು.

ಪ್ರಶ್ನೆ: ಎಣ್ಣೆಗೆ ಬೆರೆಸಿದರೆ ಹೊಗೆ ನಿಲ್ಲುವ ಡಬ್ಬಿ ಔಷಧ ಸಿಗುತ್ತಲ್ಲ, ಹಾಕಬಹುದಾ? (ಠಾಣೆಯ ಓದುಗರು)

ಉತ್ತರ: ಗಾಡಿ ಮಾರುವ ಯೋಚನೆ ಇದೆಯಾ? ಅದು ಎಣ್ಣೆಯನ್ನು ದಪ್ಪ ಮಾಡುತ್ತೆ ಅಷ್ಟೆ. ಸವೆದ ಸಂದಿಯಲ್ಲಿ ನಿಧಾನಕ್ಕೆ ಇಳಿಯುವುದರಿಂದ ಕೆಲವು ದಿನ ಹೊಗೆ ಕಮ್ಮಿ ಕಾಣುತ್ತೆ. ಹೊಸದಾಗಿ ಕಟ್ಟಿಸಿದ ಎಂಜಿನ್ ಆದರೆ ಖಂಡಿತ ಬೇಡ, ಕೂರಬೇಕಾದ ರಿಂಗು ಕೂರದೇ ಉಳಿಯುತ್ತೆ. ಆ ದುಡ್ಡಿಗೆ ಒಂದು ಫೀಲರ್ ಗೇಜ್ ತಗೊಳ್ಳಿ.

ಪ್ರಶ್ನೆ: ಹೆಡ್ ಬಿಚ್ಚದೆ ರಿಂಗ್ ಮಾತ್ರ ಬದಲಿಸಲು ಆಗುತ್ತಾ? (ಮಡಗಾಂವ್‌ನ ಓದುಗರು)

ಉತ್ತರ: ಬುಲೆಟ್‌ನಲ್ಲೂ ಇಲ್ಲ, ಯೆಜ್ಡಿಯಲ್ಲೂ ಇಲ್ಲ. ಹೆಡ್ ಬಿಚ್ಚಲೇಬೇಕು. ಬಿಚ್ಚಿದಾಗ ಮೇಲೆ ಡೊಂಬಿವಲಿಯವರಿಗೆ ಹೇಳಿದ ಹಾಗೆ ಪಿಸ್ಟನ್ ತಲೆಯ ಫೋಟೋ ತೆಗೆದು ನನಗೂ ಕಳಿಸಿ, ಎಂಜಿನ್ ಯಾವುದು, ಹೊಗೆ ಯಾವಾಗ ಬರುತ್ತಿತ್ತು ಅನ್ನುವುದನ್ನೂ ಬರೆಯಿರಿ.